ದಾಳ ತೆಗೆದ ಮೇಲೆ

ಶಂಕರಘಟ್ಟದ ಎರಡನೇ ಮಹಡಿಯ ಕೋಣೆಯಲ್ಲಿ
ಒಂದೂವರೆ ವರ್ಷ ಕಾಡು ಮಾಡಿದೆವು.
ಮೊದಲು ಡ್ರಾಯಿಂಗ್ ಹಾಳೆ, ಆಮೇಲೆ ಪ್ಲೈವುಡ್ಡು.
ಮೆಲ್ವಿನ್ ಹೊಳೆ ಕೊರೆದ, ನಾನು ಊರುಗಳನ್ನಿಟ್ಟೆ,
ರುಖಿಯಾ ಒಂದೊಂದು ಮರಕ್ಕೂ ನಂಬರು ಕೊಟ್ಟಳು.
ಯೋಜನೆಯ ಅರ್ಜಿಯಲ್ಲಿ ಬರೆದದ್ದು ಹೀಗೆ:
ಮಂಗನ ಕಾಯಿಲೆಯ ಪಾಠ ಮಾಡುವುದಲ್ಲ,
ಕಾಡಂಚಿನ ಕಾರ್ಯಕರ್ತೆ ಯೋಚಿಸುವ ಹಾಗೆ
ಮಕ್ಕಳು ಯೋಚಿಸಬೇಕು.
ಅವಳು ಹೇಗೆ ಯೋಚಿಸುತ್ತಾಳೆ
ಎಂದು ಯಾರೂ ಕೇಳಲಿಲ್ಲ.
ದುಡ್ಡು ಬಂತು.

ಆಟ ಸರಳ. ದಾಳ ಹಾಕು, ನಡೆ,
ಚೌಕಾಬಾರದ ಹಾಗೆ ಕಟ್ಟೆಯಲ್ಲಿ ನಿಂತರೆ ಕ್ಷೇಮ.
ಚೀಟಿ ತೆಗೆ: ಸತ್ತ ಮಂಗ.
ಸರಿಯುತ್ತರಕ್ಕೆ ಹತ್ತು ಅಂಕ.

ಎರಡು ಬಸ್ಸು ಬದಲಿಸಿ ಗುತ್ಯಮ್ಮ ಬಂದರು.
ಹದಿಮೂರು ವರ್ಷದ ನೌಕರಿ, ಗುಲಾಬಿ ಸೀರೆ,
ಚೀಲದಲ್ಲಿ ಮೈಗೆ ಹಚ್ಚುವ ಎಣ್ಣೆಯ ಬಾಟಲಿ.
ಚೀಟಿ ತೆಗೆದರು, ಓದಿದರು, ಕಾಯಿ ನಡೆಸಲಿಲ್ಲ.
‘ಇದು ಮಂಗನೋ, ಮುಸಿಯನೋ?’
ಚೀಟಿಯಲ್ಲಿ ಅದಿರಲಿಲ್ಲ.
‘ನೋಡಿದ್ದು ಯಾರು? ವಾಸನೆ ಬಂದಿತ್ತಾ?
ಆ ಕಡೆ ದರಗು ತರಕ್ಕೆ ಹೋಗೋ ಮನೆ ಯಾವುದು?
ದನ ಅದೇ ದಾರೀಲಿ ಬರ್ತವಾ?’
ಮೆಲ್ವಿನ್ ನನ್ನ ಮುಖ ನೋಡಿದ, ನಾನು ರುಖಿಯಾಳ ಮುಖ.
‘ಮತ್ತೆ ಈ ದಾಳ ಯಾಕೆ ಮೇಡಂ?
ಮಂಗ ದಾಳ ಹಾಕ್ಕಂಡು ಸಾಯ್ತದಾ?’

ಅವತ್ತು ಸಂಜೆ ದಾಳ ಮೆಲ್ವಿನ್ನನ ಜೇಬು ಸೇರಿತು.

ಆಮೇಲೆ ಅವರ ಮಾತು ರೆಕಾರ್ಡ್ ಮಾಡಿಕೊಂಡೆವು.
ಎರಡು ಗಂಟೆ. ನಲವತ್ತೊಂದು ಪ್ರಶ್ನೆ, ಮೂರೇ ಉಪದೇಶ.
ನಡುನಡುವೆ ಸುಮ್ಮನೆ ಕೂರುತ್ತಿದ್ದರಲ್ಲ,
ಅದನ್ನು ರುಖಿಯಾ ಚುಕ್ಕಿಗಳಲ್ಲಿ ಬರೆದಳು.
ಕೊನೆಗೆ ಆಟದಲ್ಲಿ ಉಳಿದದ್ದು ಹೆಚ್ಚಾಗಿ ಆ ಚುಕ್ಕಿಗಳೇ.

‘ಸುಳ್ಳು ಹೇಳೋನೊಬ್ಬ ಬೇಕು’ ಅಂದರು ಇನ್ನೊಮ್ಮೆ.
ಕದ್ದು ನಾಟಾ ತರಲು ಹೋದವನು,
ಸತ್ತ ಮಂಗ ಕಂಡೂ ಬಾಯಿ ಬಿಡದವನು.
‘ಅವನಿಗೆ ಬೈಬಾರದು. ಬೈದ್ರೆ
ಮುಂದಿನ ಮಂಗ ನಿಮಗೆ ಸಿಗಕ್ಕಿಲ್ಲ.’
ಶಿಕ್ಷಣಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವಳು ನಾನು,
ಕರವಸ್ತ್ರದ ಅಂಚಿನಲ್ಲಿ ಬರೆದುಕೊಂಡೆ, ಕಾಗದ ಸಿಗದೆ.

ಉಣುಗಿಗೆ ಏನಿಡುವುದು?
ಮೆಲ್ವಿನ್ ಎಂಟು ಕಾಲಿನದ್ದೊಂದು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ್ದ,
ಚಂದವಿತ್ತು, ಕೀಚೈನಿಗೆ ಆಗುತ್ತಿತ್ತು.
ಗುತ್ಯಮ್ಮ ನಕ್ಕರು. ‘ಸಾಸಿವೆ ಇಡಿ.
ಮರಿ ಉಣುಗಿಗೆ ಅದೂ ದೊಡ್ಡದೇ ಆಯ್ತು.’

ಹೊಸನಗರದ ಹೈಸ್ಕೂಲಿನಲ್ಲಿ ಮೂರು ಪಿರಿಯಡ್ಡು ಆಡಿಸಿದೆವು.
ಪ್ಲೈವುಡ್ಡಿನ ಕಾಡಿನಲ್ಲಿ ನೂರಿಪ್ಪತ್ತು ಸಾಸಿವೆ,
ಎಣಿಸಿ ಚೆಲ್ಲಿದವಳು ನಾನೇ.
ನಿಶ್ಮಿತಾ ಎಂಬ ಹುಡುಗಿ ತನ್ನ ಸರದಿ ಬಂದಾಗಲೆಲ್ಲ
‘ಗೊತ್ತಿಲ್ಲ’ ಚೀಟಿಯನ್ನೇ ಇಟ್ಟಳು,
ಪಕ್ಕದಲ್ಲಿ ‘ಯಾರನ್ನು ಕೇಳಲಿ’ ಚೀಟಿ.
ಹೆಡ್ ಮಾಸ್ಟರು ಬಾಗಿಲಲ್ಲಿ ನಿಂತು, ‘ಗೆದ್ದವರು ಯಾರು?’
ಮಕ್ಕಳು ಮಕ್ಕಳನ್ನೇ ನೋಡಿದರು.
‘ಸಾರ್, ಈ ವಾರ ಯಾರಿಗೂ ಜ್ವರ ಬಂದಿಲ್ಲ.’
ಅವರಿಗೆ ಅದು ಉತ್ತರ ಅನ್ನಿಸಲಿಲ್ಲ.
ನಾಳೆ ಸಮಿತಿಯೂ ಇದನ್ನೇ ಕೇಳುತ್ತದೆ,
ಆಗದೇ ಹೋದದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ರಾತ್ರಿ ಕ್ವಾರ್ಟರ್ಸಿನಲ್ಲಿ ಡಬ್ಬಿಗೆ ತುಂಬುವಾಗ ಎಣಿಸಿದೆ,
ನೂರಾ ಹತ್ತೊಂಬತ್ತು.
ಇನ್ನೊಮ್ಮೆ ಎಣಿಸಿದೆ. ಅಷ್ಟೇ.

ಮುಖ ತೊಳೆಯಲು ವಾಚು ಬಿಚ್ಚಿದರೆ
ಪಟ್ಟಿಯ ಕೆಳಗೆ, ಬೆವರಿಗೆ ಅಂಟಿಕೊಂಡು, ಅದು.
ಸಾಸಿವೆಯೇ. ಉಗುರಲ್ಲಿ ಒತ್ತಿ ನೋಡಿದೆ, ಸಾಸಿವೆಯೇ.
ಆದರೂ ದೀಪದ ಕೆಳಗೆ ನಿಂತು
ಮೊಣಕೈ ಸಂದು, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ,
ಬೆರಳಾಡಿಸುತ್ತ, ತಡೆಯುತ್ತ,
ಇವತ್ತು ಎಲ್ಲಿ ಕೂತಿದ್ದೆ,
ಯಾರ ಪಕ್ಕ,
ಆ ಹುಡುಗಿ ಸ್ಕೂಲಿಗೆ ಯಾವ ದಾರಿಯಲ್ಲಿ ಬರುತ್ತಾಳೆ?