ತಪ್ಪು ಬಣ್ಣದ ಕಪಾಟು

ಹತ್ತೊಂಬತ್ತು ವರ್ಷದಿಂದ ಬಣ್ಣ ಬೆರೆಸುತ್ತಿದ್ದೇನೆ
ಥಂಡರ್ ಬೇ ಊರಿನ ಈ ಅಂಗಡಿಯಲ್ಲಿ,
ಮೊಳೆಗಳ ಸಾಲು ದಾಟಿ, ಹಿಮ ಎತ್ತುವ ಸಲಿಕೆಗಳ ಪಕ್ಕ.
ಬಿಳಿ ಡಬ್ಬಿಗೆ ಯಂತ್ರ ಹನಿ ಹನಿಯಾಗಿ ಉಗುಳುತ್ತದೆ.
ಮುಚ್ಚಳ ಬಡಿದು, ಕುಲುಕಿ,
ಮೇಲೊಂದು ಬೊಟ್ಟಿಡುತ್ತೇನೆ, ಬೆರಳಲ್ಲೇ,
ಒಳಗೇನಿದೆ ಎಂದು ಹೊರಗೇ ತಿಳಿಯಲಿ ಅಂತ.

ಈಗೀಗ ಬೊಟ್ಟೆಲ್ಲ ಒಂದೇ ಥರ.
ಬೂದಿಯಲ್ಲ, ಮಣ್ಣಲ್ಲ,
ಎರಡೂ ಜಗಳ ಬಿಟ್ಟು ಸುಸ್ತಾಗಿ ಕೂತ ಹಾಗೆ.
ಹೆಸರು ಮಾತ್ರ ನೂರು:
ಓಟ್ಸ್ ಗಂಜಿ, ಒದ್ದೆ ಕಲ್ಲು, ಅಣಬೆಯ ನೆರಳು,
ಭಾನುವಾರದ ಉಣ್ಣೆ.
ಇವಕ್ಕೆ ಹೆಸರಿಡುವ ಪುಣ್ಯಾತ್ಮನಿಗೆ ಸಂಬಳ ಎಷ್ಟೋ,
ಒಮ್ಮೆ ಅವನ ಮನೆ ಗೋಡೆ ನೋಡಬೇಕು.

ತೈಮಿ ರಾಂತಾಲಾ ಬಂದದ್ದು ಸೆಪ್ಟೆಂಬರಿನಲ್ಲಿ,
ಅಂಚೆಯ ಚೀಲ ಹೆಗಲಲ್ಲೇ ಇತ್ತು.
ಮನೆ ಮಾರಬೇಕು, ಬಣ್ಣ ಹೊಡೆಸಬೇಕು.
"ಕೊಳ್ಳುವವರಿಗೆ ಹಿಡಿಸಬೇಕಂತೆ, ಓರೆಸ್ಟ್."
"ಯಾರು ಕೊಳ್ಳುವವರು?"
"ಇನ್ನೂ ಬಂದಿಲ್ಲ."
ಕೂಸು ಹುಟ್ಟುವ ಮುಂಚೆ ಕುಲಾವಿ!
ಅದೂ ಯಾವ ತಲೆಗೂ ಒಪ್ಪುವಂಥದ್ದು.

ದಲ್ಲಾಳಿ ಡ್ವೇನ್ ಬರೆದುಕೊಟ್ಟ ಚೀಟಿ ಕೌಂಟರಿನ ಮೇಲಿಟ್ಟಳು.
ಹಾಲಿಗೆ ಗಂಜಿ, ಮಲಗುವ ಕೋಣೆಗೆ ಕಲ್ಲು.
ಅಡುಗೆಮನೆ ಎಂದು ಬರೆದಲ್ಲಿ ಮಾತ್ರ
ಹೆಬ್ಬೆರಳು ಒತ್ತಿ ಹಿಡಿದಿದ್ದಳು.
ಆಮೇಲೆ ಚೀಲದಿಂದ, ಕಾಗದಗಳ ಅಡಿಯಿಂದ,
ಕಾಫಿ ಕೆಟಲಿನ ಮುಚ್ಚಳ ತೆಗೆದಳು.
ಅಂಚಿನಲ್ಲಿ ಎನಾಮೆಲ್ ಹಾರಿದ ನೀಲಿ.
ಏಪ್ರಿಲಿನಲ್ಲಿ ಸರೋವರದ ಮಂಜುಗಡ್ಡೆ ಬಿರಿದಾಗ
ಬಿರುಕಿನೊಳಗೆ ಕಾಣುತ್ತದಲ್ಲ, ಆ ನೀಲಿ.
ಮೂರು ಸಲ ಬೆರೆಸಿದೆ. ಮೂರನೆಯದು ಕೂಡಿತು.
ಬೊಟ್ಟಿಟ್ಟು ಕೊಟ್ಟೆ. ಮಗುವನ್ನೆತ್ತಿಕೊಂಡಂತೆ ಎತ್ತಿಕೊಂಡು ಹೋದಳು.

ಸೋಮವಾರ ಡಬ್ಬಿ ವಾಪಸು ಬಂತು.
ನೀಲಿ ಅಡುಗೆಮನೆಯಾದರೆ ಬೆಲೆ ಇಳಿಯುತ್ತದಂತೆ,
ಡ್ವೇನ್ ಹೇಳಿದ್ದಾನಂತೆ,
ಅದೂ ಎಷ್ಟು, ನಾಲ್ಕು ಸಾವಿರ!
ಒಂದು ಗ್ಯಾಲನ್ ನೀಲಿಗೆ ಅಷ್ಟು ಶಕ್ತಿ ಇದೆಯೆಂದು
ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.
ಬೆರೆಸಿದ ಬಣ್ಣ ಹಿಂತೆಗೆದುಕೊಳ್ಳುವುದಿಲ್ಲ
ಎಂಬ ಬೋರ್ಡು ನಾನೇ ಅಂಟಿಸಿದ್ದು.
ಅದರ ಕೆಳಗೇ ನಿಂತು ತೆಗೆದುಕೊಂಡೆ,
ಕಾರಣ ಎಂಬಲ್ಲಿ ಬರೆದೆ: ನನ್ನ ತಪ್ಪು.

ಹಿಂಬಾಗಿಲ ಬಳಿ ಒಂದು ಕಪಾಟಿದೆ.
ತಪ್ಪಿ ಬೆರೆಸಿದ್ದು, ಬೇಡವಾದದ್ದು, ಮನಸ್ಸು ಬದಲಾದದ್ದು
ಎಲ್ಲ ಐದೈದು ಡಾಲರಿಗೆ.
ನನ್ನ ಮನೆಯ ಗೋಡೆಯೆಲ್ಲ ಆ ಕಪಾಟಿನದು.
ಮೆಟ್ಟಿಲ ಬದಿಗೆ ದಂತವೈದ್ಯರು ಬೇಡವೆಂದ ಗುಲಾಬಿ,
ಬಚ್ಚಲಿಗೆ ಇಗರ್ಜಿಯ ನೆಲಮಾಳಿಗೆಯ ಹಸಿರು,
ಮಗಳ ಕೋಣೆಗೆ ಯಾರದೋ ಮುರಿದ ನಿಶ್ಚಿತಾರ್ಥದ ಅರಿಶಿನ.
"ಅಪ್ಪಾ, ಈ ಮನೆ ಪುಕ್ಕಟೆ ಕೊಟ್ಟರೂ ಯಾರೂ ಬರಲ್ಲ"
ಅನ್ನುತ್ತಾಳೆ ಲೆಸ್ಯಾ,
ಬಂದಾಗಲೆಲ್ಲ ಅದೇ ಕೋಣೆಯಲ್ಲಿ ಮಲಗುತ್ತಾಳೆ.

ಡಿಸೆಂಬರ್. ನಾಲ್ಕೂವರೆಗೇ ಕತ್ತಲು.
ರೋಲರ್ ಹಿಡಿದೇ ಬಾಗಿಲು ತೆಗೆದೆ.
ಕರೆಂಟ್ ಬಿಲ್ಲು ಚಾಚಿದ್ದಳು ತೈಮಿ,
ರೆಪ್ಪೆಯ ಮೇಲೆ ಹಿಮ.
"ಮನೆ ಹೋಯಿತಾ?"
"ಹೋಯಿತು. ಕೊಂಡವನು ಹೊಸ ಬಣ್ಣ ಹೊಡೆಸುತ್ತಿದ್ದಾನೆ."
"ಯಾವುದು?"
"ಅದಕ್ಕಿಂತ ತುಸು ತೆಳು ಬೂದಿ.
ಐದು ವರ್ಷಕ್ಕೆ ಅವನೂ ಮಾರುತ್ತಾನಂತೆ."

ಆಮೇಲೆ ನನ್ನ ಭುಜದ ಮೇಲಿಂದ ನೋಡಿದಳು,
ಅಡುಗೆಮನೆಯ ತನಕ.
ಏನಾದರೂ ಹೇಳಿದರೆ ಏನು ಹೇಳಲಿ ಎಂದು
ನಾನು ಮಾತು ಹುಡುಕುತ್ತಿದ್ದೆ,
ರೋಲರಿನಿಂದ ಚಪ್ಪಲಿಯ ಮೇಲೆ ನೀಲಿ ತೊಟ್ಟಿಕ್ಕಿತು.

"ಕಿಟಕಿ ಹತ್ತಿರ ತೆಳುವಾಗಿದೆ," ಎಂದಳು.
"ಇನ್ನೊಂದು ಕೋಟು ಬೇಕು."

ಡಬ್ಬಿ ಖಾಲಿಯಾಗಿತ್ತು.
ಆ ಕೆಟಲಿನ ಮುಚ್ಚಳ ಇನ್ನೂ ಇದೆಯಾ
ಎಂದು ಕೇಳುವಷ್ಟರಲ್ಲಿ
ಪಕ್ಕದ ಮನೆಯ ಮೆಟ್ಟಿಲು ಹತ್ತುತ್ತಿದ್ದಳು.