ಹೂಕೋಸು, ಆರು ಹದಿನೇಳರ ಸ್ಲೋ

ದಾದರ್ ಸೇತುವೆಯ ಕೆಳಗೆ ಕೊಂಡದ್ದು.
ಎಲೆ ಕಿತ್ತು ಕೊಡಲೇ ಎಂದ ಹುಡುಗ.
ಬೇಡ ಮಾರಾಯ, ಇದ್ದ ಹಾಗೇ ಕೊಡು,
ಡೊಂಬಿವಿಲಿ ದೂರ, ಕೈಗೊಂದು ಕೆಲಸ ಬೇಕಲ್ಲ.

ಲೇಡೀಸ್ ಡಬ್ಬಿಯ ಮೂವರ ಸೀಟಿನಲ್ಲಿ
ನಾಲ್ಕನೆಯವಳಾಗಿ ಅರ್ಧ ಕೂತು
ಮಡಿಲಿಗೆ ನಿನ್ನೆಯ ಪೇಪರ್ ಹಾಸಿದೆ.

ಚಾಕು ಬೇಡ ಇದಕ್ಕೆ, ಎಂದಳು ಮಂದಾ ಡುಂಬರೆ,
ಹೆಬ್ಬೆರಳಲ್ಲಿ ಒತ್ತು,
ಎಲ್ಲಿ ಮುರಿಯಬೇಕೆಂದು ಅದೇ ಹೇಳುತ್ತದೆ.
ಅವಳದು ಜುನ್ನರಿನ ಕಡೆ.
ಹೂವು ಬೆಳ್ಳಗಿರಲೆಂದು ಅವಳ ಮಾವ ಹೊಲದಲ್ಲಿ
ಒಂದೊಂದರ ಎಲೆಯನ್ನೂ ಒಟ್ಟು ಸೇರಿಸಿ
ತಲೆಯ ಮೇಲೆ ಗಂಟು ಕಟ್ಟುತ್ತಾನಂತೆ.
ಬಿಸಿಲು ಬಿದ್ದರೆ ಹಳದಿ,
ಹಳದಿಯಾದರೆ ಅರ್ಧ ಬೆಲೆ.
ಹೆಣ್ಣುಮಕ್ಕಳ ಹಾಗೆ, ಎಂದರು ಯಾರೋ ಹಿಂದಿನಿಂದ.
ನಕ್ಕೆವು. ಬಹಳ ಹೊತ್ತು ನಗಲಿಲ್ಲ.

ನಿನ್ನೆ ಅಪ್ಪನ ತಿಥಿ.
ಬೂದುಗುಂಬಳ, ಬಾಳೆಕಾಯಿ, ಹಾಗಲ, ಎಳ್ಳಿನ ಉಂಡೆ.
ಕೋಸು ಮಾತ್ರ ಹೊಸಿಲು ದಾಟಬಾರದು,
ಹಡಗು ಹತ್ತಿ ಬಂದ ತರಕಾರಿ,
ಪಿತೃಗಳಿಗೆ ಗುರುತು ಹತ್ತುವುದಿಲ್ಲ ಎಂದರು ಭಟ್ಟರು.

ಗುರುತು ಹತ್ತುವುದಿಲ್ಲವೇ?
ಹದಿಮೂರಕ್ಕೆ ಫೋರ್ಟಿನ ಹಿಂದಿನ ಗಲ್ಲಿಯಲ್ಲಿ
ಹೋಟೆಲು ಸೇರಿದವನ ಮೊದಲ ಕೆಲಸ
ಎಲೆಕೋಸು ಹೆಚ್ಚುವುದು.
ದಿನಕ್ಕೆ ಎರಡು ಗೋಣಿ, ಕೂದಲೆಳೆಯಷ್ಟು ಸಪೂರ.
ದಪ್ಪಗಾದರೆ ಅಡಿಗೆಯವನ ಸೌಟು ಮೊಣಕೈಗೆ.
ಎಡ ಹೆಬ್ಬೆರಳ ತುದಿ ಕಡೆಯವರೆಗೂ ಚಪ್ಪಟೆ;
ಅದರ ಚೂರು ಯಾರ ಪಲ್ಯದಲ್ಲಿ ಹೋಯಿತೋ,
ಉಪ್ಪು ಸರಿ ಇತ್ತೋ ಏನೋ
ಎಂದು ನಗಿಸುತ್ತಿದ್ದ ನಮ್ಮನ್ನು.
ನಗಿಸದೆ ಒಮ್ಮೆ ಮಾತ್ರ ಹೇಳಿದ್ದು:
ರಾತ್ರಿ ಶಾಲೆಯ ಬೆಂಚಿನಲ್ಲಿ ಪಕ್ಕದವ ಜರುಗಿ ಕೂತದ್ದು,
ಸೋಪಿಗೆ ಹೋಗದ ಕೋಸಿನ ನಾತ
ಸ್ಲೇಟಿಗೂ ಹತ್ತಿದ್ದು.

ಅಂಥವನಿಗೆ ನಿನ್ನೆ ಬಡಿಸಿದ್ದು ಬೂದುಗುಂಬಳ.
ನೀರಿನ ಟಾಂಕಿಯ ಮೇಲೆ ಕಾಗೆ ಬಂತು, ಮುಟ್ಟಿತು.
ಎಲ್ಲರೂ ಕೈ ಮುಗಿದರು.
ನನಗೇಕೋ ಅದು ಬೇರೆ ಯಾರೋ ಅನ್ನಿಸಿತು.

ಘಾಟ್ಕೋಪರ್ ದಾಟುವಾಗ
ಹೂವಿನ ಸಂದಿಯಿಂದ ಒಂದು ಹಸಿರು ಹುಳ
ತಲೆ ಎತ್ತಿ ಆಚೀಚೆ ನೋಡಿತು,
ಯಾವ ಸ್ಟೇಷನ್ ಎಂದು ಕೇಳುವವರ ಹಾಗೆ.
ಅಯ್ಯಯ್ಯೋ ಎಂದು ಸೀರೆ ಎತ್ತಿಕೊಂಡರು ಇಬ್ಬರು.
ಒಳ್ಳೆಯದೇ, ಔಷಧಿ ಹೊಡೆದದ್ದು ಕಡಿಮೆ, ಎಂದಳು ಮಂದಾ,
ಮಾವನ ಕೈಪಂಪು ನೆನಪಾಯಿತೋ ಏನೋ
ಮತ್ತೆ ಮಾತಾಡಲಿಲ್ಲ.

ಕಾಂಜೂರಿನ ಹತ್ತಿರ ಸಿಗ್ನಲ್.
ಹಳಿಯ ಪಕ್ಕ ಯಾರೋ ಮೂಲಂಗಿ ಹಾಕಿದ್ದಾನೆ,
ಮೋರಿಯ ನೀರು ಡಬ್ಬದಲ್ಲಿ ಎತ್ತಿ ಎತ್ತಿ ಹೊಯ್ಯುತ್ತಿದ್ದಾನೆ.
ಮೂಲಂಗಿಯೂ ಕೋಸಿನ ಕುಲದ್ದೇ ಅಲ್ಲವೇ.
ಹುಳವನ್ನು ಎಲೆಯಲ್ಲಿ ಸುತ್ತಿ
ಕಿಟಕಿಯ ಸರಳಿನಾಚೆ ಕೈ ಚಾಚಿ ಎಸೆದೆ.
ಪಾತಿಗೆ ಬಿತ್ತೋ, ಜಲ್ಲಿಗೆ ಬಿತ್ತೋ,
ಗಾಡಿ ಹೊರಟಿತು.

ಮುಲುಂಡಿನ ಹೊತ್ತಿಗೆ ಬಿಡಿಸಿ ಮುಗಿಯಿತು.
ದಂಟು ನನಗೆ, ಸಾರಿಗೆ.
ಉಳಿದ ಎಲೆ ಮಂದಾ ಒಯ್ದಳು,
ಕಡಲೆಹಿಟ್ಟು ಉದುರಿಸಿ ಮಾಡುತ್ತಾಳಂತೆ.
ಠಾಣೆಯಲ್ಲಿ ಹತ್ತಿದ ಕಾಲೇಜು ಹುಡುಗಿ
ನನ್ನ ಕೈ ಹಿಡಿದಿದ್ದ ಕಂಬವನ್ನೇ ಹಿಡಿದು
ಮೂಗು ಆಚೆ ತಿರುಗಿಸಿದಳು.

ಪರ್ಸಿನಲ್ಲಿ ಕರವಸ್ತ್ರವಿತ್ತು.
ತೆಗೆಯಲಿಲ್ಲ.