ಆವರ್ತನ

ಸೆಕೆಂಡಿಗೆ ನಾನೂರ ನಲವತ್ತು ಸಲ ನಡುಗಬೇಕು
ಪಿಯಾನೋದ ನಡುವಿನ ಆ ತಂತಿ.
ಇದರಲ್ಲಿ ನನಗೂ ಅಪ್ಪನಿಗೂ ಎಂದೂ ಜಗಳವಿಲ್ಲ.
ಜಗಳ ಬಂದದ್ದು ಇನ್ನೊಂದು ಲೆಕ್ಕಕ್ಕೆ:
ಟಾರ್ಟು ಊರಿನ ಆರುನೂರ ಹನ್ನೆರಡು ಗಿರಾಕಿಗಳಿಗೆ
ನಾವು ಎಷ್ಟು ದಿನಕ್ಕೊಮ್ಮೆ ಇಮೇಲ್ ಹಾಕಬೇಕು?

"ವಾರಕ್ಕೊಂದು," ಅಂದ ರಾಸ್ಮುಸ್,
ಟಾಲಿನ್‌ನಿಂದ ರೈಲು ಹತ್ತಿ ಬಂದ ಸಲಹೆಗಾರ,
ಗಂಟೆಗೆ ಅರವತ್ತು ಯೂರೋ, ಕಾಫಿ ನಮ್ಮದು.
"ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ.
ಕಣ್ಣಿಗೆ ಬೀಳದಿದ್ದರೆ ಮರೆತೇಬಿಡುತ್ತಾರೆ, ವೀರ್ವೆ."

ಅಪ್ಪ ಕಿವಿಯ ಯಂತ್ರ ಸರಿಮಾಡಿಕೊಂಡು ಕೇಳಿದರು:
"ಮಂಗಳವಾರ ಮಂಗಳವಾರ ಶ್ರುತಿ ಬಿಡುವ ಪಿಯಾನೋ
ಯಾರ ಮನೆಯಲ್ಲಿದೆಯಪ್ಪಾ?"

ಬಾಡಿಗೆ ಕಟ್ಟಬೇಕಲ್ಲ. ರಾಸ್ಮುಸನ ಮಾತೇ ಕೇಳಿದೆ.
ಮೊದಲ ವಾರ: ನಿಮ್ಮ ಪಿಯಾನೋ ಹೇಳದ ಐದು ಗುಟ್ಟುಗಳು.
ಎರಡನೆಯದು: ಶೇಕಡಾ ಹತ್ತು ರಿಯಾಯಿತಿ.
ಮೂರನೆಯದು: ರಿಯಾಯಿತಿ ನಾಳೆಗೆ ಮುಗಿಯುತ್ತದೆ.
ನಾಲ್ಕನೆಯದು, ದೇವರೇ: ರಿಯಾಯಿತಿಯನ್ನು ವಿಸ್ತರಿಸಲಾಗಿದೆ.
ಇಬ್ಬರು ಕರೆದರು. ನಲವತ್ತೊಂದು ಮಂದಿ
ಕೆಳಗಿನ ಸಣ್ಣ ಅಕ್ಷರ ಹುಡುಕಿ, ಒತ್ತಿ, ಹೊರಟುಹೋದರು
ಸದ್ದಾಗದಂತೆ ಬಾಗಿಲೆಳೆದುಕೊಂಡು.

ಅದರಲ್ಲಿ ಸಾಲ್ಮೆ ಟೀಚರ ಹೆಸರಿತ್ತು.

ಮನೆ ನದಿಯಾಚೆ. ನಡೆದೇ ಹೋದೆ,
ಕ್ಷಮೆ ಕೇಳಲೋ ಕಾರಣ ಕೇಳಲೋ ನನಗೇ ಗೊತ್ತಿರಲಿಲ್ಲ.
ಅವರಿಗೆ ಸಿಟ್ಟೇನೂ ಇಲ್ಲ. "ಪಾಠದ ನಡುವೆ ಫೋನು ಟಿಣ್ ಅನ್ನುತ್ತೆ,
ಮಕ್ಕಳ ಬೆರಳು ತಪ್ಪುತ್ತೆ. ಅದೂ ಆ ಟಿಣ್
ಅಪಸ್ವರದ್ದು, ನಿನಗೆ ಗೊತ್ತಾಗಲ್ವಾ?"
ಎಂದು ನಕ್ಕು, ಪಿಯಾನೋದ ಮುಚ್ಚಳ ಎತ್ತಿದರು.

ಒಳಗೆ, ಸುತ್ತಿಗೆಗಳ ಸಾಲಿನ ಪಕ್ಕ, ಹಲಗೆಯ ಮೇಲೆ
ಪೆನ್ಸಿಲಿನಲ್ಲಿ ಅಪ್ಪನ ಅಕ್ಷರ:
೧೯೮೪ ಅಕ್ಟೋಬರ್. ೧೯೮೫ ಮೇ. ೧೯೮೫ ಅಕ್ಟೋಬರ್...
ಪಕ್ಕದಲ್ಲಿ ಕೂಲಿ, ರೂಬಲ್, ಆಮೇಲೆ ಕ್ರೂನ್, ಆಮೇಲೆ ಯೂರೋ.
ದುಡ್ಡಿನ ಹೆಸರು ಮೂರು. ತಿಂಗಳು ಎರಡೇ.
ಒಂದು ಮೇ ಮಾತ್ರ ಇಲ್ಲ. ಅಮ್ಮ ತೀರಿಕೊಂಡ ವರ್ಷ.

ಹೀಟರು ಹಚ್ಚಿದಾಗ ಮರ ಒಣಗಿ ಕುಗ್ಗುತ್ತದೆ,
ಆರಿಸಿದಾಗ ತೇವ ಕುಡಿದು ಉಬ್ಬುತ್ತದೆ,
ಶ್ರುತಿ ತಪ್ಪುವುದು ಆ ಎರಡು ಸಂಧಿಯಲ್ಲಿ.
ಪಂಚಾಂಗ ಪಿಯಾನೋದ ಹೊಟ್ಟೆಯಲ್ಲೇ ಇತ್ತು,
ನಾನದನ್ನು ಟಾಲಿನ್‌ನಿಂದ ತರಿಸಿದ್ದೆ, ಗಂಟೆಗೆ ಅರವತ್ತರಂತೆ.

ಹಾಗಂತ ತಿಳಿದವಳಂತೆ ಸುಮ್ಮನಿದ್ದೆನೇ? ಇಲ್ಲ.
ಜನವರಿ ಬಂತು. ಡೈರಿಯಲ್ಲಿ ಖಾಲಿ ಪುಟದ ಮೇಲೆ ಖಾಲಿ ಪುಟ.
ಮಂಗಳವಾರ, ಹತ್ತು ಗಂಟೆ,
'ಕಳಿಸು' ಎಂಬಲ್ಲಿಗೆ ಹೋಗಿ ನಿಂತಿತು ಬೆರಳು.
ಒಳಕೋಣೆಯಲ್ಲಿ ಅಪ್ಪ
ಯಾರೋ ಬಿಟ್ಟುಹೋದ ಹಳೆಯ ಪಿಯಾನೋ ಮೀಟುತ್ತಿದ್ದರು,
ಕಿವಿ ಮಂದವಾದ ಮೇಲೆ ಮರಕ್ಕೆ ದವಡೆ ಒತ್ತಿ
ಹಲ್ಲಿನಿಂದಲೇ ಕೇಳುತ್ತಾರೆ ಅವರು.
ಎರಡು ತಂತಿ ಒಟ್ಟಿಗೆ: ಉವ್‌ಉವ್‌ಉವ್ ಎಂಬ ತರತರ.
ಕೀಲಿ ಕೂದಲೆಳೆಯಷ್ಟು ತಿರುಗಿತು. ಉವ್... ಉವ್...
ಉವ್...
ಆಮೇಲೆ ಅಲೆಯೇ ಇಲ್ಲ, ಬರೀ ಸ್ವರ.

ಲ್ಯಾಪ್‌ಟಾಪು ಮುಚ್ಚಿದೆ.
ಬಾಡಿಗೆ ಫೆಬ್ರವರಿಯಲ್ಲಿ ಕೊಟ್ಟೆ, ಬೈಸಿಕೊಂಡು.

ಮೇ ಮೊದಲ ವಾರ, ಎಮಾಯೊಗಿ ಇನ್ನೂ ದಡ ಮೀರಿ ಹರಿಯುತ್ತಿದ್ದಾಗ
ಐನೂರ ಎಪ್ಪತ್ತೊಂದು ಮಂದಿಗೆ ಒಂದೇ ಸಾಲು:
"ಹೀಟರು ಆರಿಸಿದಿರಾ? ಹಾಗಿದ್ದರೆ ಒಮ್ಮೆ ನುಡಿಸಿ ನೋಡಿ."

ಸಾಲ್ಮೆ ಟೀಚರಿಗೆ ಕಳಿಸಲಿಲ್ಲ.
ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು
ಸೇತುವೆ ದಾಟಿದೆ.